ಹೆಲಾನಾಳ ಶುಕ್ರವಾರ

ಲಬೀಬ್ ಬಾಯಿ ತೆರೆಯುವ ಮೊದಲೇ ಹೆಲಾನಾ ಬಾಗಿಲಲ್ಲಿ ಹೇಳಿದಳು: “ಇಲ್ಲ.”

“ನಾನಿನ್ನೂ ಕೇಳೇ ಇಲ್ಲವಲ್ಲ ಚಿಕ್ಕಮ್ಮ.”

“ಒಂಬತ್ತು ವರ್ಷದಿಂದ ಅದೇ ಪ್ರಶ್ನೆ. ಹೊಸದೇನಾದ್ರೂ ಕಲಿತಿದ್ರೆ ಹೇಳು. ಇಪ್ಪತ್ತು ನಿಮಿಷ ತಡ ಬೇರೆ ಮಾಡಿದೀಯ.”

ಅವನು ಒಳಗೆ ಬಂದ. ರೇಡಿಯೊ ಮತ್ತೆ ಕೆಟ್ಟಿತ್ತು. ಹಿಂಬದಿ ಬಿಚ್ಚಿ ನೋಡಿದರೆ ಹೋದ ವಾರ ತಾನೇ ಬೆಸೆದಿದ್ದ ತಂತಿ ಕಿತ್ತುಬಂದಿತ್ತು. ಇಪ್ಪತ್ತೈದು ವರ್ಷ ವಿದ್ಯುತ್ ಕೆಲಸ ಮಾಡಿದವನಿಗೆ ಅದು ತಾನಾಗಿ ಕೀಳುವ ತಂತಿಯಲ್ಲವೆಂದು ಗೊತ್ತು. ಇಲಿ ಇರಬೇಕು ಎಂದುಕೊಂಡು ಮತ್ತೆ ಬೆಸೆದ.

ಅಖ್ಮೀಮ್ ಪಟ್ಟಣದ ಕೊಪ್ಟಿಕ್ ಕ್ರೈಸ್ತರಿಗೆಲ್ಲ ಈ ಶುಕ್ರವಾರದ ಕಥೆ ಗೊತ್ತು. ಹೆಲಾನಾಳ ಗಂಡ ಅಯಾದ್ ಚರ್ಚಿನ ಸಭಾಂಗಣದಲ್ಲಿ ಏಣಿ ಹತ್ತಿ ಫ್ಯಾನು ಜೋಡಿಸುತ್ತಿದ್ದಾಗ, ಕೆಳಗೆ ಅವನ ಜೊತೆ ಕೆಲಸ ಮಾಡುತ್ತಿದ್ದ ಲಬೀಬ್ ನೋಡದೆ ಮೇನ್ ಸ್ವಿಚ್ ಹಾಕಿದ. ಅಯಾದ್ ಅಲ್ಲೇ ಸತ್ತ. ‘ಹಾಕು ಅಂತ ಅವನೇ ಹೇಳಿದ’ ಎಂದು ಲಬೀಬ್ ಪೊಲೀಸರಿಗೆ ಹೇಳಿಕೆ ಕೊಟ್ಟ. ಅದು ಸುಳ್ಳು. ಆರು ತಿಂಗಳು ಆ ಸುಳ್ಳನ್ನು ಹೊತ್ತು ತಿರುಗಿ, ಕೊನೆಗೆ ಮುದಿ ಪಾದ್ರಿ ಅಬೂನಾ ಮಿತ್ತಿಯಾಸ್ ಅವರ ಮುಂದೆ ಪಾಪನಿವೇದನೆ ಮಾಡಿದ.

ಪಾದ್ರಿ ಒಂದು ನೇಮ ವಿಧಿಸಿದರು. ಅವಳಿಗೆ ನಿಜ ಹೇಳು. ‘ದೇವರು ನಿನ್ನನ್ನು ಕ್ಷಮಿಸಲಿ’ ಎಂದು ಅವಳ ಬಾಯಿಂದ ಬರುವವರೆಗೆ ಪ್ರತಿ ಶುಕ್ರವಾರ ಹೋಗಿ ಕೇಳು. ಬಂದ ದಿನ ನೇಮ ಮುಗಿಯಿತು.

ಮೊದಲ ಸಲ ಅವಳು ಮುಖಕ್ಕೆ ಉಗಿದಳು. ಎರಡು ವರ್ಷ ಬಾಗಿಲು ತೆರೆಯಲಿಲ್ಲ. ಮೂರನೆಯ ವರ್ಷ ಒಳಗೆ ಬಿಟ್ಟಳು. ಅಷ್ಟರಲ್ಲಿ ಅಬೂನಾ ಮಿತ್ತಿಯಾಸ್ ತೀರಿಕೊಂಡಿದ್ದರು. ನೇಮ ಉಳಿಯಿತು.

ಇವತ್ತು ಉಪವಾಸ ಕಾಲದ ಕೊನೆಯ ಶುಕ್ರವಾರ. ಪಾತ್ರೆಯಲ್ಲಿದ್ದ ಬೇಳೆ ಸಾರು ಇಬ್ಬರಿಗಾಗುವಷ್ಟಿತ್ತು. “ಮಿಕ್ಕಿದೆ, ಚೆಲ್ಲೋಕೆ ಮನಸ್ಸು ಬರಲ್ಲ,” ಎಂದು ಎಂದಿನಂತೆ ಅವನ ಮುಂದೆ ಬಡಿಸಿ, ರೊಟ್ಟಿ ಇಟ್ಟಳು.

“ಅಸ್ವಾನಿನಿಂದ ಮತ್ತೆ ಫೋನ್ ಬಂದಿತ್ತು,” ಎಂದ ಲಬೀಬ್. “ಈಸ್ಟರ್ ಆದ ಮೇಲೆ ಕೆಲಸಕ್ಕೆ ಸೇರಿಕೋ ಅಂತಾರೆ. ಅಷ್ಟು ದೂರದಿಂದ ವಾರ ವಾರ ಬರೋಕೆ ಆಗಲ್ಲ. ಹೆಂಡತಿ ಮಗಳು ಅಲ್ಲಿಗೆ ಹೋಗಿ ಎರಡು ವರ್ಷ ಆಯ್ತು. ಹೋದ ತಿಂಗಳು ಹೋದಾಗ ಮಗಳು ನನ್ನ ನೋಡಿ ಅಡುಗೆಮನೆಗೆ ಓಡಿಬಿಟ್ಟಳು, ಯಾರೋ ನೆಂಟರು ಬಂದಿದಾರೆ ಅನ್ನೋ ಹಾಗೆ.”

“ಹೋಗು. ನಾನೇನು ನಿನ್ನ ಕಾಲಿಗೆ ಹಗ್ಗ ಕಟ್ಟಿದೀನಾ?”

“ಕಟ್ಟಿದೀಯ ಚಿಕ್ಕಮ್ಮ.”

ಅವಳು ಎದ್ದು ತಟ್ಟೆ ಎತ್ತಿದಳು. “ಅಸ್ವಾನಿನ ಕರೆಂಟು ಜನರನ್ನ ಹೊಡೆಯಲ್ಲವೋ?”

ಲಬೀಬ್ ಎದ್ದ. ಬಾಗಿಲ ಬಳಿ ನಿಂತು, ಎಂದಿನ ಮಾತನ್ನು ಎಂದಿನಂತೆ ಕೇಳಿದ: “ನನ್ನನ್ನ ಕ್ಷಮಿಸ್ತೀಯಾ?”

“ಇಲ್ಲ,” ಎಂದಳು ಹೆಲಾನಾ. “ಮುಂದಿನ ವಾರ ನಲ್ಲಿ ಸೋರೋದನ್ನೂ ನೋಡು.”

ಮಧ್ಯಾಹ್ನ ಹೊಸ ಪಾದ್ರಿ ಅಬೂನಾ ಯೋಸ್ತೋಸ್ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಅವರು ಬಾಗಿಲು ತಲುಪುವ ಮೊದಲೇ ಪಕ್ಕದ ಮನೆಯ ಉಮ್ಮ್ ಮೀನಾ ಮೆಟ್ಟಿಲ ಮೇಲೆಯೇ ದೂರು ಕೊಟ್ಟಾಗಿತ್ತು: “ಅವಳ ಎದೇಲಿರೋದು ಕಲ್ಲು ಅಬೂನಾ. ಆ ಬಡಪಾಯಿಗೆ ಒಂದು ಸಲ ಜ್ವರ ಬಂದು ಬರಲಿಲ್ಲ ಅಂದ್ರೆ, ‘ಓಡಿಹೋದನಾ ಆ ಪಾಪಿ, ಚರ್ಚಿಗೆ ಫೋನ್ ಮಾಡಿ ವಿಚಾರಿಸು’ ಅಂತ ನನ್ನ ತಲೆ ತಿಂದಳು.”

ಪಾದ್ರಿ ಕುರ್ಚಿಯ ಅಂಚಿನಲ್ಲಿ ಕುಳಿತರು.

“ಲಬೀಬ್ ಚರ್ಚಿನಲ್ಲಿ ಕೂತು ಅಳ್ತಾ ಇದಾನೆ ತಾಯಿ. ನೇಮ ನಾನು ಬಿಡಿಸ್ತೀನಿ ಅಂದೆ, ಒಪ್ಪಲ್ಲ. ನಿಮ್ಮ ಬಾಯಿಂದಲೇ ಬರಬೇಕಂತೆ.”

“ಹಟಮಾರಿ.”

“ಭಾನುವಾರ ಗರಿಗಳ ಹಬ್ಬ. ಆಮೇಲೆ ಪವಿತ್ರ ವಾರ. ನೀವು ಪರಮಪ್ರಸಾದ ತಗೊಂಡು ಎಷ್ಟು ವರ್ಷ ಆಯ್ತು?”

“ಆರು.”

“ಯಾರೂ ನಿಮಗೆ ಬೇಡ ಅಂದಿಲ್ಲ.”

“ನಾನೇ ಬೇಡ ಅಂದಿದ್ದು. ಇದನ್ನ ಎದೆಯಲ್ಲಿಟ್ಟುಕೊಂಡು ಹೇಗೆ ತಗೊಳ್ಳಲಿ?”

“ಹಾಗಾದ್ರೆ ಇವತ್ತು ಇಳಿಸಿಬಿಡಿ. ಅಯಾದ್ ಸತ್ತದ್ದು ಅವನ ಅಜಾಗರೂಕತೆಯಿಂದ. ಸುಳ್ಳು ಹೇಳಿದ್ದು ಅವನ ಪಾಪ. ಎರಡಕ್ಕೂ ಅವನು ಅತ್ತಿದಾನೆ. ದೇವರೇ ಕ್ಷಮಿಸಿರುವಾಗ ನೀವು ಬಿಗಿಹಿಡಿದು ಕೂತಿದ್ದೀರಿ.”

ಹೆಲಾನಾ ಎದ್ದು ಬಾಗಿಲು ಮುಚ್ಚಿ ಬಂದಳು. ಎಪ್ಪತ್ತೊಂದರ ಮಂಡಿಗಳನ್ನು ಮಡಿಸಲು ಕುರ್ಚಿಯ ಕೈ ಹಿಡಿಯಬೇಕಾಯಿತು. ಪಾದ್ರಿ ಶಿಲುಬೆಯನ್ನು ಕೈಗೆತ್ತಿಕೊಂಡರು.

“ಪಾಪನಿವೇದನೆ. ಈ ಮಾತು ಹೊರಗೆ ಹೋಗಕೂಡದು,” ಎಂದಳು.

“ಹೋಗಲ್ಲ.”

“ಒಂದು ಹೆಣ್ಣುಮಗುವಿನ ಅಪ್ಪನನ್ನ ಕದ್ದಿದೀನಿ. ಒಬ್ಬ ಗಂಡಸನ್ನ ಆರು ವರ್ಷ ಅಳಿಸಿದೀನಿ. ವಾರ ವಾರ ಅವನ ಮುಖ ನೋಡ್ಕೊಂಡೇ ಸುಳ್ಳು ಹೇಳಿದೀನಿ.”

“ಸುಳ್ಳು? ಯಾವ ಸುಳ್ಳು ತಾಯಿ?”

“ಅವನನ್ನ ಕ್ಷಮಿಸಿ ಆರು ವರ್ಷ ಆಯ್ತು ಅಬೂನಾ. ಬಾಯಿಬಿಟ್ಟು ಹೇಳಿದ್ರೆ, ಶುಕ್ರವಾರ ಈ ಮನೆಗೆ ಇನ್ಯಾರು ಬರ್ತಾರೆ?”