ಹಸುವಿನ ಬೆನ್ನು ಹಿಡಿದು

"ಬಾಯಿ ಮುಚ್ಕೊಂಡು ನಡಿ. ದನ ಕಾದವನ ಮಗ ನಾನು. ಹಸು ಎಷ್ಟು ಸುತ್ತಿದ್ರೂ ಕಡೆಗೆ ತನ್ನೂರಿಗೇ ಹೋಗುತ್ತೆ."

"ಬೆಳಿಗ್ಗೆಯಿಂದ ಇದನ್ನೇ ಹೇಳ್ತಿದ್ದೀರಿ. ಅಲ್ಲಿ ತಮ್ಮನ ಮಗೂನ ತೊಟ್ಟಿಲಿಗೆ ಹಾಕೋ ಹೊತ್ತಾಯ್ತು. ಕಿವೀಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು ಇಲ್ಲಿ ಹುಲ್ಲು ತುಳೀತಿದ್ದೀನಿ."

ಕಣ್ಣು ಹಾಯುವಷ್ಟು ದೂರ ಬರೀ ಹುಲ್ಲಿನ ಗುಡ್ಡಗಳು. ಮರವಿಲ್ಲ, ಮನೆಯಿಲ್ಲ. ಬಸ್ಸು ಸುತ್ತಿಕೊಂಡು ಹೋಗುತ್ತದೆಂದು ಗಂಡ ಅವಳನ್ನು ಅಡ್ಡದಾರಿಯಲ್ಲಿ ಕರೆತಂದಿದ್ದ. ದಾರಿ ತಪ್ಪಿದ ಮೇಲೆ, ಮೇಯುತ್ತಿದ್ದ ಒಂದು ಕೆಂಪು ಹಸುವಿನ ಬೆನ್ನು ಹಿಡಿದಿದ್ದ. ಇವರು ಬಿರಬಿರನೆ ನಡೆದರೆ ಅದೂ ಬಿರಬಿರನೆ ನಡೆಯುತ್ತಿತ್ತು.

"ರೀ, ಹಿಂದೆ ಒಬ್ಬರು ಮುದುಕರು ಟವೆಲ್ ಬೀಸ್ತಾ ಬರ್ತಿದ್ದಾರೆ. ನಿಂತು ದಾರಿ ಕೇಳೋಣ."

"ಅವನೂ ದಾರಿ ತಪ್ಪಿದವನೇ ಕಣೇ. ನಮ್ಮನ್ನ ನಂಬ್ಕೊಂಡು ಬರ್ತಿದ್ದಾನೆ. ಬರಲಿ ಪಾಪ."

ಗಂಡ ಮುದುಕನಿಗೆ ಕೈಬೀಸಿ ಇನ್ನೂ ಜೋರಾಗಿ ಹೆಜ್ಜೆ ಹಾಕಿದ.

ಹೊತ್ತು ಇಳಿಯತೊಡಗಿತು. ಹೆಂಡತಿ ಥಟ್ಟನೆ ನಿಂತಳು. ಹೋಳಿಗೆಯ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಹಿಂದಕ್ಕೆ ತಿರುಗಿ, ನೇರ ಮುದುಕನ ಹತ್ತಿರ ಹೋದಳು. ಇಬ್ಬರೂ ಏನೋ ಮಾತಾಡಿದರು. ಮುದುಕ ತಲೆ ಚಚ್ಚಿಕೊಂಡ. ಆಮೇಲೆ ಇಬ್ಬರೂ ಬಂದ ದಾರಿಯಲ್ಲೇ ವಾಪಸು ಹೊರಟರು.

"ಏಯ್, ಎಲ್ಲಿಗೇ?"

ಅವಳು ತಿರುಗಿ ನೋಡದೆ ನಡೆಯುತ್ತಲೇ ಕೂಗಿ ಹೇಳಿದಳು: "ತಮ್ಮನ ಊರಿಗೆ. ಇವರೂ ಅದೇ ಊರಿನವರಂತೆ. ನೀವು ಅಟ್ಟೋದು ನಿಲ್ಲಿಸಿದ್ರೆ ಇವರ ಹಸೂನೂ ಮನೆಗೆ ಬರುತ್ತಂತೆ."