ಬಾಲ ಹಿಡಿಯುವ ಪಾಠ

ಕಾಡುಹಂದಿಗಳಿಗೆ ಮಾತು ಬಂದ ಮೇಲೂ ಕೊಡಗಿನಲ್ಲಿ ಬೇಟೆ ನಿಲ್ಲಲಿಲ್ಲ. ಬೇಟೆಗಾರರಿಗೆ ಸುರಕ್ಷತೆಯ ತರಗತಿ ಮಾತ್ರ ಕಡ್ಡಾಯವಾಯಿತು. ಪಾಠ ಹೇಳುವ ಕೆಲಸ ಹಂದಿಗಳಿಗೇ ಹೋಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಉತ್ತಯ್ಯನಿಗೆ ಮೇಷ್ಟ್ರ ಒಂದು ಮಾತಿನಲ್ಲೂ ನಂಬಿಕೆಯಿರಲಿಲ್ಲ.

"ಹಂದಿ ಬಿತ್ತು ಅಂತ ಬಾಲ ಹಿಡಿಯೋಕೆ ಓಡಬೇಡಿ," ಎಂದಿತು ಮುದಿ ಹಂದಿ. "ಎಲ್ಲರೂ ಕೋವಿಯಿಂದ ತೋಟಾ ತೆಗೆಯೋವರೆಗೆ ನಿಂತಲ್ಲೇ ನಿಲ್ಲಿ."

ಬಿದ್ದ ಹಂದಿಯ ಬಾಲವನ್ನು ಮೊದಲು ಮುಟ್ಟಿದವನಿಗೆ ಮಾಂಸದಲ್ಲಿ ಒಂದು ಪಾಲು ಹೆಚ್ಚು. ಅದು ಅಜ್ಜಂದಿರ ಕಾಲದ ಕ್ರಮ. ಕಳೆದ ವರ್ಷ ಹಾಗೆ ಓಡಿದ ತನ್ನ ಭಾವ ಬೋಪಯ್ಯ ಜೊತೆಯವರದೇ ಗುಂಡು ತಗುಲಿ ಸತ್ತದ್ದು ನಿಜ. ಆದರೆ ತಾವು ಕೈಕಟ್ಟಿ ನಿಂತಷ್ಟು ಹೊತ್ತಿನಲ್ಲಿ ಗಾಯಗೊಂಡ ಹಂದಿ ಪೊದೆ ಸೇರಿಕೊಳ್ಳುವುದಿಲ್ಲವೇ? ಇದರಲ್ಲಿ ಏನೋ ಹುನ್ನಾರವಿದೆ. ಉತ್ತಯ್ಯ ಎದ್ದು ನಿಂತ.

"ಮೇಷ್ಟ್ರೇ, ನಾವು ಬದುಕಿದ್ರೆ ನಿಮಗೇನು ಲಾಭ? ಸತ್ಯ ಹೇಳಿ."

ಹಂದಿ ಅವನ ಬೆಂಚಿನ ಹತ್ತಿರ ಬಂತು.

"ಬೋಪಯ್ಯನಿಗೆ ಗುಂಡು ಹೊಡೆದದ್ದು ನಿಮ್ಮವರೇ. ಆ ಸಿಟ್ಟಿಗೆ ಊರೆಲ್ಲ ಕಾಡಿಗೆ ನುಗ್ಗಿ ಕೊಂದದ್ದು ನನ್ನ ಮರಿಗಳನ್ನ. ಅದಕ್ಕೇ ಬೇಡಿಕೊಳ್ತಿದ್ದೀನಿ ಉತ್ತಯ್ಯ, ನಿಂತಲ್ಲೇ ನಿಲ್ಲಿ."