ಮರ ಹತ್ತಿದ ಕುರ್ಚಿ

ಚಂದಯ್ಯ ಶೆಟ್ಟರು ಮುಖ ತೊಳೆದು ಬರುವಷ್ಟರಲ್ಲಿ ಅವರ ಆರಾಮ ಕುರ್ಚಿ ಅಂಗಳದ ಮಾವಿನ ಕೊಂಬೆಯಲ್ಲಿ ನೇತಾಡುತ್ತಿತ್ತು. ಹೆಂಡತಿ ಸ್ನೇಹಲತಾ ಹಗ್ಗದ ತುದಿಯನ್ನು ಮರದ ಬುಡಕ್ಕೆ ಬಿಗಿದು ಕೈ ಕೊಡವಿಕೊಂಡರು.

“ಹ್ವಾಯ್, ಇದೆಂತ?”

“ಮುಂಬೈ ಹೋಟ್ಲ್ ಬಿಟ್ಟ್ ಬಂದ್ ಮೂರ್ ವರ್ಷ ಆಯ್ತ್. ಮೂರ್ ವರ್ಷದಗೆ ನೀವ್ ಕುರ್ಚಿಯಿಂದ ಎದ್ದದ್ದ್ ಊಟಕ್ಕ್ ಮಾತ್ರ. ಡಾಕ್ಟ್ರ್ ಹೇಳ್ದಾಂಗೆ ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ತನ್ಕ ನಡ್ಕಂಡ್ ಹೋಯ್ ಬನಿ. ನಲವತ್ತೆಂಟ್ ದಿನ. ಒಂದಿನ ತಪ್ರೂ ತಿರ್ಗ್ ಒಂದರಿಂದ ಶುರು. ಮುಗ್ದ್ ದಿನ ಕುರ್ಚಿ ಇಳಿಸ್ತೆ.”

“ಅಷ್ಟ್ ದಿನ ನಾನ್ ಎಲ್ಲಿ ಕೂಕಂಬುದ್?”

“ನಿತ್ಕಣಿ.”

ಆ ಕುರ್ಚಿಯ ಕ್ಯಾನ್ವಾಸು ಶೆಟ್ಟರ ಮೈಯ ಅಚ್ಚಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅವರು ಎದ್ದು ಹೋದ ಮೇಲೂ ಅರ್ಧ ಗಂಟೆ ಬೆಕ್ಕು ಅವರು ಅಲ್ಲೇ ಇದ್ದಾರೆಂದು ತಿಳಿದು ಹತ್ತಿರ ಸುಳಿಯುತ್ತಿರಲಿಲ್ಲ. ಬೇರೆ ಯಾವುದರಲ್ಲಿ ಕುಳಿತರೂ ಶೆಟ್ಟರಿಗೆ ಪೇಪರಿನ ಅಕ್ಷರವೇ ಕಾಣುತ್ತಿರಲಿಲ್ಲ. ಅದಕ್ಕೇ ನಡೆದರು. ಮೊದಲ ವಾರ ಬೈಯುತ್ತ ನಡೆದರು. ಎರಡನೆಯ ವಾರ ಬೈಯುವುದು ಮರೆತುಹೋಯಿತು. ಮೂರನೆಯ ವಾರಕ್ಕೆ ನಡಿಗೆ ಎಷ್ಟು ಕರಾರುವಾಕ್ಕಾಯಿತೆಂದರೆ, ಹಟ್ಟಿಯಂಗಡಿ ಊರಿನ ಹುಂಜಗಳು ಇನ್ನು ತಮ್ಮ ಅಗತ್ಯವಿಲ್ಲವೆಂದು ಕೂಗುವುದನ್ನೇ ನಿಲ್ಲಿಸಿದವು. ದಾರಿ ಬದಿಯ ಶ್ರೀಲತಾಳ ಹಸು ಶೆಟ್ಟರ ಚಪ್ಪಲಿಯ ಸದ್ದು ಕೇಳಿದರೆ ಮಾತ್ರ ಸೊರೆ ಬಿಟ್ಟು ಹಾಲು ಕೊಡುತ್ತಿತ್ತು. ಕುಂದಾಪುರಕ್ಕೆ ಹೋಗುವ ಮೊದಲ ಬಸ್ಸಿನ ಡ್ರೈವರ್ ರತೀಶ್ ತನ್ನ ವಾಚನ್ನು ಬಿಚ್ಚಿ ಭಾವನಿಗೆ ಕೊಟ್ಟುಬಿಟ್ಟ. ಶೆಟ್ಟರು ಬಸ್ಸಿನ ಮೂತಿ ದಾಟಿದರೆ ಆರೂ ಹತ್ತು. ಬಸ್ಸು ಹೊರಡಬಹುದು.

“ಶೆಟ್ರೆ, ನಡುಕೆ ಖುಷಿ ಆತ್ತಾ?” ಎಂದು ರತೀಶ್ ಒಮ್ಮೆ ಕೇಳಿದ.

“ಖುಷಿ ಎಂತದ್ದ್ ಮಾರಾಯಾ? ನಾನ್ ನಡುದ್ ಕೂಕಂಬುಕೆ.”

ನಲವತ್ತೇಳನೆಯ ದಿನ ಸಂಜೆ, ನಾಳೆ ಇಳಿಯಲಿರುವ ಕುರ್ಚಿಯ ಧೂಳು ಒರೆಸೋಣವೆಂದು ಶೆಟ್ಟರು ಬಾಲ್ದಿ ಮಗುಚಿಟ್ಟು ಅದರ ಮೇಲೆ ಹತ್ತಿದರು. ಬಾಲ್ದಿ ಒಂದು ಕಡೆಗೆ ಹೋಯಿತು, ಶೆಟ್ಟರು ಇನ್ನೊಂದು ಕಡೆಗೆ. ಬೆಳಗಾಗುವಷ್ಟರಲ್ಲಿ ಬಲಗಾಲಿನ ಮಣಿಗಂಟು ಸೌತೆಕಾಯಿಯ ಗಾತ್ರ ದಾಟಿ ಕುಂಬಳಕಾಯಿಗೆ ಹತ್ತಿರವಾಗಿತ್ತು.

“ನಲವತ್ತೇಳ್ ದಿನ ನೀರಿಗ್ ಹೋಯ್ತ್,” ಎಂದು ಚಾಪೆಯ ಮೇಲೆ ಮಲಗಿ ಮರವನ್ನೇ ನೋಡಿದರು.

ಆರೂವರೆಗೆ ರತೀಶ್ ಓಡಿ ಬಂದ. ಅವನ ಹಿಂದೆ ಬಸ್‌ಸ್ಟ್ಯಾಂಡಿನ ಕಟ್ಟೆಯ ನಾಲ್ವರು ಬಂದರು. ಯಾವ ಊರಿಗೂ ಹೋಗದೆ, ಬರುವ ಹೋಗುವ ಬಸ್ಸು ನೋಡುವುದನ್ನೇ ಕಸುಬು ಮಾಡಿಕೊಂಡ ಗಂಡಸರು ಅವರು. ಎಲ್ಲರ ಹಿಂದೆ ಶ್ರೀಲತಾಳ ಹಸುವಿನ ಕೂಗು.

“ಶೆಟ್ರೆ, ಗಂಟೆ ಎಷ್ಟಾಯ್ತ್ ಮಾರ್ರೆ? ಬಸ್ಸಗೆ ನಲವತ್ತ್ ಜನ ಕೂತಿದ್ರ್. ನೀವ್ ಬರ್ದೆ ನಾನ್ ಹ್ಯಾಂಗ್ ಬಸ್ ಬಿಡುದ್?”

ಶೆಟ್ಟರು ಕಾಲು ತೋರಿಸಿದರು. ರತೀಶ್ ಕಾಲು ನೋಡಿದ, ಮರ ನೋಡಿದ.

“ಅಕ್ಕ, ಆ ಕುರ್ಚಿ ಇಳಿಸಿ. ಶೆಟ್ರನ್ನ್ ಹೊತ್ಕಂಡಾರೂ ಹೋಪ.”

“ಕುರ್ಚಿ ಇಳಿಯುದ್ ನಡ್ದ್ ಮುಗ್ದ್ ಮೇಲೆ,” ಎಂದರು ಸ್ನೇಹಲತಾ.

“ನಡ್ದ್ ಮುಗುಕಾರೆ ಮೊದ್ಲ್ ಕುರ್ಚಿ ಇಳಿಕಲೆ?” ಎಂದ ರತೀಶ್.

ಸ್ನೇಹಲತಾ ಹಗ್ಗದ ಗಂಟಿಗೆ ಕೈ ಹಾಕಿದರು. “ಆಯ್ತ್, ಕಡ ಕೊಡ್ತೆ. ಬಸ್ಸಿಗೆ. ಅವ್ರಿಗಲ್ಲ.”

ಕುರ್ಚಿಗೆ ಎರಡು ಬಿದಿರು ಕಟ್ಟಿದರು. ಕಟ್ಟೆಯ ನಾಲ್ವರು ಹೆಗಲು ಕೊಟ್ಟರು. ಶ್ರೀಲತಾಳ ಹಟ್ಟಿಯ ಮುಂದೆ ಶೆಟ್ಟರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಚಟಪಟನೆ ಬಡಿದರು. ಹಸು ಎರಡು ಲೀಟರ್ ಹೆಚ್ಚೇ ಕೊಟ್ಟಿತು. ಮೆರವಣಿಗೆ ಬಸ್ಸಿನ ಮೂತಿ ದಾಟಿದ್ದೇ ರತೀಶ್ ಗೇರು ಹಾಕಿದ. ಕಿಟಕಿಗಳಿಂದ ನಲವತ್ತು ಜನ ಚಪ್ಪಾಳೆ ತಟ್ಟಿದರು.

ಅಂಗಳಕ್ಕೆ ಮರಳಿದಾಗ ಶೆಟ್ಟರ ಮುಖ ಅರಳಿತ್ತು. “ನಲವತ್ತೆಂಟ್ ಆಯ್ತಲೆ. ಇನ್ನ್ ಕುರ್ಚಿ ನನ್ನದ್.”

“ನೀವ್ ನಡ್ದದ್ದೆಲ್ಲಿ? ಕೂಕಂಡಿದ್ರಿ. ನಡ್ದದ್ದ್ ಇವ್ರ್ ನಾಕ್ ಜನ,” ಎಂದ ಸ್ನೇಹಲತಾ ನಾಲ್ವರ ಕಡೆ ತಿರುಗಿದರು. “ಇವತ್ ನಿಮ್ಗೆ ಒಂದ್ನೇ ದಿನ. ನಾಳೆ ಆರಕ್ಕೆ ಬನಿ.”

ಹುಟ್ಟಿದ ಮೇಲೆ ಒಂದು ಕೆಲಸದಲ್ಲೂ ಎರಡನೆಯ ದಿನ ನೋಡದ ನಾಲ್ವರು ಮರುದಿನ ಐದೂಐವತ್ತಕ್ಕೇ ಬಂದು ನಿಂತಿದ್ದರು. ಹನ್ನೆರಡು ದಿನ ಶೆಟ್ಟರು ಹೆಗಲ ಮೇಲೆ ಹೋಗಿಬಂದರು. ಹದಿಮೂರನೆಯ ದಿನ ಕಾಲು ನೆಲಕ್ಕೆ ಊರಿ ನೋಡಿದರು. ನೋವಿರಲಿಲ್ಲ.

“ಹಾಂಗಾರೆ ನಾನ್ ನಡ್ಕಂಡೇ ಹೋತೆ. ನೀವ್ ಮನಿಗ್ ಹೋಯ್ನಿ. ಕುರ್ಚಿ ಜಗಲಿಯಗೆ ಇಡಿ, ಬಂದ್ ಕೂಕಂತೆ.”

ನಾಲ್ವರೂ ಬಿದಿರು ಬಿಡಲಿಲ್ಲ. ಅವರಲ್ಲಿ ಹಿರಿಯನಾದ ಸೂರ ತಲೆ ತುರಿಸಿಕೊಂಡ.

“ಅದ್ ಹ್ಯಾಂಗ್ ಶೆಟ್ರೆ? ನಮ್ಗ್ ಇವತ್ ಹದಿಮೂರ್. ಮಧ್ಯ ಬಿಟ್ರೆ ತಿರ್ಗ್ ಒಂದರಿಂದ ಅಲ್ದಾ? ಆರೆ ಖಾಲಿ ಕುರ್ಚಿ ಹೊತ್ರೆ ಹೆಗ್ಲಿಗ್ ಎಂತದೋ ಕಮ್ಮಿ ಆದಾಂಗ್ ಆತ್ತ್.”

ಎಲ್ಲರೂ ಸ್ನೇಹಲತಾರನ್ನು ನೋಡಿದರು.

ಈಗ ಬೆಳಿಗ್ಗೆ ಆರಕ್ಕೆ ಹಟ್ಟಿಯಂಗಡಿಯ ರಸ್ತೆಯಲ್ಲಿ ಚಂದಯ್ಯ ಶೆಟ್ಟರು ಕೈಬೀಸಿಕೊಂಡು ಮುಂದೆ ನಡೆಯುತ್ತಾರೆ. ಹಿಂದೆ ನಾಲ್ವರ ಹೆಗಲ ಮೇಲೆ ಅವರ ಕುರ್ಚಿ ಬರುತ್ತದೆ. ಅದರ ಕ್ಯಾನ್ವಾಸಿನ ಅಚ್ಚು ದಿನದಿಂದ ದಿನಕ್ಕೆ ಬದಲಾಗುತ್ತಿದೆ. ಅದರಲ್ಲಿ ಒರಗಿ ಕುಳಿತು, ಮಡಿಲ ತುಂಬ ಅಬ್ಬಲಿಗೆ ಹೂ ಹರಡಿಕೊಂಡು ಮಾಲೆ ಕಟ್ಟುತ್ತಿರುವ ಸ್ನೇಹಲತಾ, ತಲೆ ಎತ್ತದೆಯೇ ಹೇಳುತ್ತಾರೆ:

“ಹ್ವಾಯ್, ಒಂಚೂರ್ ಬಿರ್ರ್ ನಡೀನಿ. ಹಸು ಕಾಯ್ತಾ ಇತ್ತ್.”